ಮಾಡದಲ್ಲಿಟ್ಟ ಹೈಡ್ರಾ

ಇವತ್ತು ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ. ಮನೆಯವರ ಬಿಪಿ ಗುಳಿಗೆ ಮುಗಿದದ್ದನ್ನು ಚೀಟಿಯಲ್ಲಿ ಬರೆದು ಅವರ ಅಂಗಿಯ ಜೇಬಿಗೆ ಹಾಕಿದೆ. ಎರಡು ಸಿವುಡು ಮೆಂತ್ಯ ಬಿಡಿಸಿದೆ. ಏಳು ರೊಟ್ಟಿ ಬಡಿದೆ. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹತ್ತನೆಯ ತರಗತಿಯ ಹದಿನೆಂಟು ಉತ್ತರಪತ್ರಿಕೆ ತಿದ್ದಿದೆ, ಇನ್ನೂ ಹನ್ನೊಂದು ಉಳಿದಿವೆ. ಮಧ್ಯಾಹ್ನ ಅಡುಗೆಮನೆಯ ಕಿಟಕಿಯಲ್ಲಿಟ್ಟ ಮನಿಪ್ಲಾಂಟ್ ಬಾಟಲಿಯ ನೀರು ಬದಲಿಸಲು ಹೋದೆ. ಒಂದು ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ. ಬೇರನ್ನು ಮೇಲೆತ್ತಿದ ಕೂಡಲೇ ಆ ವಾಸನೆ ಬಂತು.

ಕೊಳೆತ ವಾಸನೆಯಲ್ಲ. ಕೊಳೆತದ್ದಾದರೆ ಮೂಗು ಮುಚ್ಚಿಕೊಂಡು ಚೆಲ್ಲಿಬಿಡಬಹುದು. ಇದು ಜೀವ ಇರುವ ನೀರಿನ ವಾಸನೆ: ಪಾಚಿ, ತಣ್ಣನೆಯ ಕಲ್ಲು, ಎಲ್ಲೋ ಸ್ವಲ್ಪ ಮೀನು. ಮೋರಿಗೆ ಸುರಿಯುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಇರಲಿಲ್ಲ. ಹುಬ್ಬಳ್ಳಿಯ ನಲ್ಲಿ ನೀರಿನಲ್ಲಿ ಔಷಧ ಹಾಕಿರುತ್ತಾರೆ, ಅದರಲ್ಲಿ ಅವು ಬದುಕುವುದಿಲ್ಲ. ಗೊತ್ತಿದ್ದೂ ನೋಡಿದೆ. ಈ ಏಳೆಂಟು ವರ್ಷಗಳಲ್ಲಿ ನಿಂತ ನೀರನ್ನು ನೋಡದೆ ಚೆಲ್ಲಿದ್ದೇ ಇಲ್ಲ.

ಏಳೆಂಟು ವರ್ಷದ ಹಿಂದೆ ನನ್ನನ್ನು ತವರೂರಿನ ಪ್ರೌಢಶಾಲೆಗೆ ವಿಜ್ಞಾನ ಕಲಿಸಲು ವರ್ಗ ಮಾಡಿದ್ದರು. ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ಸೋಮವಾರ ಹೋಗಿ ಶನಿವಾರ ಹುಬ್ಬಳ್ಳಿಗೆ ಬರುವುದು, ನಡುವಿನ ದಿನಗಳು ತಮ್ಮ ಫಕೀರಪ್ಪನ ಮನೆಯಲ್ಲಿ. ಹನ್ನೆರಡು ಎಕರೆ ಎರೆ ಭೂಮಿ, ಎರಡು ಎತ್ತು, ಅವನು ಮತ್ತು ಅವನ ಹೆಂಡತಿ ಗಂಗವ್ವ. ಮಗಳನ್ನು ಅದೇ ಬೇಸಿಗೆಯಲ್ಲಿ ಅಣ್ಣಿಗೇರಿಗೆ ಕೊಟ್ಟಿದ್ದರಿಂದ ಒಳಗಿನ ಕೋಣೆ ಖಾಲಿ ಇತ್ತು, ಅದು ನನಗಾಯಿತು.

ನಮ್ಮ ಕಡೆ ಬೋರು ಕೊರೆದರೆ ಸವಳು ನೀರು ಬರುತ್ತದೆ. ಬಟ್ಟೆಗೂ ಆಗುವುದಿಲ್ಲ, ಬೇಳೆಯೂ ಬೇಯುವುದಿಲ್ಲ. ಕುಡಿಯಲು ಕೆರೆಯೇ ಗತಿ. ಕಾಲುವೆಗೆ ಬಿಟ್ಟಾಗ ತುಂಬಿಸಿಕೊಂಡ ನೀರನ್ನು ವರ್ಷವಿಡೀ ಕುಡಿಯಬೇಕು. ಆ ಕೆರೆಯ ಏರಿ ಹತ್ತುವ ಮೊದಲು ಚಪ್ಪಲಿ ಬಿಡಬೇಕು, ಕಾಲು ತೊಳೆಯಬಾರದು, ಬಾಯಿ ಮುಕ್ಕಳಿಸಬಾರದು. ತಂದ ನೀರನ್ನು ನಾಲ್ಕು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸುತ್ತಾರೆ. ಸೋಸಿದ ಮೇಲೆ ಆ ಬಟ್ಟೆಯನ್ನು ನೆಲಕ್ಕೆ ಝಾಡಿಸುವ ಹಾಗಿಲ್ಲ. ಒಂದು ತಂಬಿಗೆ ನೀರಲ್ಲಿ ತಿರುವಿ ಹಾಕಿ ಅಲುಬಿ, ಆ ನೀರನ್ನು ಮರುದಿನ ಕೆರೆಗೇ ಬಿಟ್ಟು ಬರಬೇಕು. ಬಟ್ಟೆಯಲ್ಲಿ ಸಿಕ್ಕ ಜೀವ ಒಣನೆಲದ ಮೇಲೆ ಸಾಯಬಾರದು ಎಂದು. ನಮ್ಮವ್ವ ಹಾಗೆ ಮಾಡುತ್ತಿದ್ದಳು, ಗಂಗವ್ವನೂ ಹಾಗೇ ಮಾಡುತ್ತಿದ್ದಳು. ಏನು ಜೀವ, ಎಂಥಾ ಜೀವ ಎಂದು ಯಾರೂ ನೋಡಿದ್ದಿಲ್ಲ.

ಗಣಪತಿ ಕಳಿಸಿದ ಮೂರನೆಯ ದಿನ, ಹೆಸರುಕಾಳಿನ ರಾಶಿ. ಮುಗಿಲು ಕಟ್ಟಿಕೊಂಡಿತ್ತು. ಮಳೆ ಬಿದ್ದರೆ ಕಾಳು ಕಪ್ಪಾಗುತ್ತದೆಂದು ಇಡೀ ಊರೇ ಗಡಿಬಿಡಿಯಲ್ಲಿತ್ತು. ಕಾಳು ಬಿಡಿಸುವ ರಾಶಿ ಮಷಿನ್ನಿನ ಬಾಯಿಗೆ ಬಳ್ಳಿ ಸಿಕ್ಕಿಕೊಂಡಿತು, ಫಕೀರಪ್ಪ ಮಷಿನ್ನು ನಿಲ್ಲಿಸದೆ ಬಲಗೈಯಿಂದ ದೂಡಿದ. ನಾನು ಶಾಲೆಯಲ್ಲಿದ್ದೆ. ಹೆಬ್ಬೆರಳು ಉಳಿದಿತ್ತು. ಉಳಿದ ನಾಲ್ಕರಲ್ಲಿ ಮೂರನ್ನು ಹೊಟ್ಟಿನಲ್ಲಿ ಹುಡುಕಿ ತೆಗೆದು ಬದುವಿನಲ್ಲಿ ಹುಗಿದರು. ಕಿರುಬೆರಳು ಸಿಗಲೇ ಇಲ್ಲ. ಆ ಹೊಟ್ಟಿನ ಗುಂಪಿಯನ್ನು ಎತ್ತುಗಳಿಗೆ ಹಾಕಲು ಗಂಗವ್ವ ಒಪ್ಪಲಿಲ್ಲ. ಅದು ಕಣದಲ್ಲೇ ಮಳೆಗೆ ನೆನೆದು, ಬಿಸಿಯಾಗಿ, ಬೆಳಗಿನ ಹೊತ್ತು ಆವಿ ಬಿಡುತ್ತ ಕೂತಿರುತ್ತಿತ್ತು. ಹೊಲದ ಕಡೆ ಹೋದವರು ಅದನ್ನು ಬಳಸಿ ಹೋಗುತ್ತಿದ್ದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡು ಕಳಿಸಿದರು. ಗಾಯ ಹೆಚ್ಚುಕಡಿಮೆ ಮಾಯ್ದಿತ್ತು, ಕಿರುಬೆರಳಿನ ಕಡೆ ಮಾತ್ರ ಹಸಿ. ಮನೆಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂಡುತ್ತಿದ್ದ. ಉಣ್ಣುವಾಗ ಗಂಗವ್ವ ತುತ್ತು ಮಾಡಿ ಬಾಯಿಗಿಡಬೇಕಿತ್ತು. ಎಡಗೈಯಲ್ಲಿ ಉಣ್ಣು ಎಂದರೆ ಮುಖ ತಿರುಗಿಸುತ್ತಿದ್ದ.

“ಎಡಗೈಲೆ ಉಣ್ಣೂದು ಹೆಂಗಬೇ? ಆ ಕೈಲೆ ಮಾಡೂ ಕೆಲಸ ನಿನಗ ಗೊತ್ತಿಲ್ಲೇನು?” ಎಂದು ನನ್ನನ್ನೇ ಕೇಳಿದ. ಮತ್ತೆ ಸ್ವಲ್ಪ ಹೊತ್ತಿಗೆ, “ಕಿರಿಬೆರಳು ಮಡಚಿಕೊಂಡು ಕುಂತೈತೆಕ್ಕಾ. ಬಿಡಸಾಕ ಬರವಲ್ದು. ಉಗುರು ಅಂಗೈಯಾಗ ನೆಡಾಕತ್ತೈತಿ.”

ಹೋದ ಬೆರಳು ಇದ್ದ ಹಾಗೇ ಅನಿಸುವುದು ಎಷ್ಟೋ ಜನಕ್ಕೆ ಆಗುತ್ತದೆ, ದಿನ ಕಳೆದಂತೆ ಕಡಿಮೆಯಾಗುತ್ತದೆ ಎಂದು ಡಾಕ್ಟರರು ಹೇಳಿದ್ದರು. ನಾನೂ ಅದನ್ನೇ ಹೇಳಿದೆ. ಅವನು ತನ್ನ ಕೈಯ ಮುಂದಿನ ಖಾಲಿ ಜಾಗವನ್ನು ನೋಡುತ್ತಿದ್ದ.

ಶೀಗಿ ಹುಣ್ಣಿಮೆ ಕಳೆದು ನೀರು ತಿಳಿಯಾಗಿತ್ತು. ಹತ್ತನೆಯ ತರಗತಿಗೆ ಜೀವಿಗಳು ಮರಿ ಮಾಡುವ ಪಾಠ ಬಂತು. ಪುಸ್ತಕದಲ್ಲಿ ಹೈಡ್ರಾದ ಚಿತ್ರ ಇರುತ್ತದೆ, ಮಕ್ಕಳು ಅದನ್ನು ಮರದ ಬೊಡ್ಡೆಯಂತೆ ಬರೆದು ಕೊಡುತ್ತಾರೆ. ಒಮ್ಮೆಯಾದರೂ ನಿಜವಾದದ್ದನ್ನು ತೋರಿಸಬೇಕು ಎಂದು ಬಹಳ ದಿನದ ಆಸೆ. ಗಂಗವ್ವನ ಜೊತೆ ಕೆರೆಗೆ ಹೋಗಿ, ಮೆಟ್ಟಿಲ ಬದಿಯ ನೀರುಬಳ್ಳಿಯನ್ನು ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ನೀರಿನ ಸಮೇತ ತಂದೆ. ಒಂದು ತಾಸು ಅಲ್ಲಾಡಿಸದೆ ಇಟ್ಟಾಗ ಅವು ಕಂಡವು. ಎಲೆಯ ಕೆಳಗೆ, ಗಾಜಿನ ಮೈಗೆ, ಅರ್ಧ ಅಂಗುಲದ ಬಿಳಿ ದಾರದ ತುಣುಕುಗಳು. ಎಣಿಸಿದೆ, ಒಂಬತ್ತು.

ಶಾಲೆಯ ಪ್ರಯೋಗಾಲಯ ತಗಡಿನ ಪತ್ರಾಸಿನದು, ಮಧ್ಯಾಹ್ನ ಕಾಯುತ್ತದೆ. ತಂಪಿರಲೆಂದು ಭರಣಿಯನ್ನು ಮನೆಯಲ್ಲೇ ಪಡಸಾಲೆಯ ಗೋಡೆಯ ಮಾಡದಲ್ಲಿಟ್ಟೆ, ದೀಪ ಇಡುವ ಮಾಡದ ಪಕ್ಕದ್ದು. ಅದರ ಎದುರಿಗೇ ಫಕೀರಪ್ಪ ಮಲಗುವ ಹೊರಸು.

“ಏನಬೇ ಅಕ್ಕಾ, ಬರೇ ನೀರು ಇಟ್ಟೀಯಲ್ಲ?”

ಭೂತಗನ್ನಡಿ ಕೊಟ್ಟೆ. “ಆ ಎಲಿ ಕೆಳಗ ನೋಡು. ಜೋತು ಬಿದ್ದೈತಲ್ಲ, ಅದು.”

ಬಹಳ ಹೊತ್ತು ನೋಡಿದ. “ಇದು ಜೀವ ಏನು? ಕಣ್ಣೆಲ್ಲೈತಿ?”

“ಕಣ್ಣಿಲ್ಲ.”

“ತಲಿ?”

“ತಲಿನೂ ಇಲ್ಲ, ಎದಿನೂ ಇಲ್ಲ, ರಕ್ತಾನೂ ಇಲ್ಲ. ಬರೇ ಒಂದು ಉದ್ದನ ಚೀಲ. ಒಳಗೊಂದು ಪದರ, ಹೊರಗೊಂದು ಪದರ, ನಡುವ ಅಂಬಲಿ ಹಂಗ ತೆಳ್ಳಗ ಲೋಳಿ. ಕೆಳಗ ಪಾದ, ಅದರಲೆ ಅಂಟಿಕೊಂಡಿರ್ತೈತಿ. ಮ್ಯಾಲ ಬಾಯಿ. ಬಾಯಿ ಸುತ್ತ ಆರೇಳು ಎಳಿ.”

“ಮತ್ತ ಹೊರಕಡಿಗೆ ಹೆಂಗ?”

“ಅದೂ ಅದ ಬಾಯಿಲೆ.”

ಒಲೆಯ ಮುಂದಿದ್ದ ಗಂಗವ್ವ ಅಲ್ಲಿಂದಲೇ ಅಂದಳು, “ತಿನ್ನೂದೂ ಅಲ್ಲೇ, ಕಾರೂದೂ ಅಲ್ಲೇ. ನಮ್ಮ ಓಣಿ ಪಂಚಾಯ್ತಿ ಮೆಂಬರ ಇದ್ದಂಗ ಐತಿ ಬಿಡ್ರಿ ಅಕ್ಕಾರ.”

ಫಕೀರಪ್ಪ ನಕ್ಕ. ರಾಶಿಯ ದಿನದಿಂದ ಅವನು ನಕ್ಕದ್ದು ಅದೇ ಮೊದಲು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ದಿನಾ ಸಂಜೆ ಅವನಿಗೆ ಒಂದಿಷ್ಟು ಹೇಳತೊಡಗಿದೆ. ನೀರಚಿಗಟ ಎಂಬ ಸಣ್ಣ ಜೀವಿಗಳನ್ನು ಭರಣಿಗೆ ಬಿಟ್ಟು ತೋರಿಸಿದೆ. ಕುಣಿಯುತ್ತ ಹೋಗುವ ಚಿಗಟ ಎಳೆಗೆ ತಾಗುತ್ತದೆ, ತಾಗಿದಲ್ಲೇ ನಿಲ್ಲುತ್ತದೆ. ಎಳೆಯ ತುಂಬ ವಿಷದ ಮುಳ್ಳುಗಳಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಗದ್ದಲವಿಲ್ಲ, ಒದ್ದಾಟವಿಲ್ಲ. ಎಳೆ ನಿಧಾನವಾಗಿ ಬಾಗಿ ಅದನ್ನು ಒಳಗೆ ಇಟ್ಟುಕೊಳ್ಳುತ್ತದೆ. ಆಮೇಲೆ ಚೀಲದೊಳಗೆ ಚಿಗಟದ ಆಕಾರ ಹಾಗೇ ಕಾಣುತ್ತಿರುತ್ತದೆ, ಅದರ ಕಪ್ಪು ಕಣ್ಣು ಸಮೇತ. ಕಣ್ಣಿಲ್ಲದ ಜೀವದ ಹೊಟ್ಟೆಯಲ್ಲಿ ಒಂದು ಕಣ್ಣು.

ಇನ್ನೊಂದು ಸಂಗತಿಯನ್ನೂ ಹೇಳಿದೆ. ಅದರ ಬಾಯಿ ಮುಚ್ಚಿದಾಗ ಅಲ್ಲಿ ಬಾಯಿ ಎಂಬುದೇ ಇರುವುದಿಲ್ಲ, ಚರ್ಮ ಕೂಡಿಕೊಂಡುಬಿಡುತ್ತದೆ. ಪ್ರತಿ ಸಲ ತಿನ್ನಲು ಅದು ತನ್ನನ್ನೇ ಹರಿದುಕೊಳ್ಳಬೇಕು.

“ದಿನಾ ಹರಕೋತೈತಿ, ದಿನಾ ಕೂಡ್ತೈತಿ,” ಅಂದ ಫಕೀರಪ್ಪ. ಮೆಲ್ಲಗೆ ಅಂದ, ತನಗೇ ಹೇಳಿಕೊಂಡಂತೆ.

ತರಗತಿಗೆಂದು ಎರಡನ್ನು ತಟ್ಟೆಗೆ ತೆಗೆದು ಹೊಸ ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿದ್ದೆ. ನಾಲ್ಕನೆಯ ದಿನಕ್ಕೆ ನಾಲ್ಕು ಹೈಡ್ರಾ. ಮಕ್ಕಳು ಬೆಂಚು ಹತ್ತಿ ನಿಂತು ನೋಡಿದ್ದರು. ಆ ಸಂಜೆ ಹರಿದ ಒಳಲಂಗದ ಅಂಚು ಹೊಲಿಯುತ್ತ ಅದನ್ನು ಮನೆಯಲ್ಲಿ ಹೇಳಿದೆ.

“ಯಾವ ಕಡೆ ಕತ್ತರಿಸಿದ್ರೂ ಬರ್ತೈತೇನು?” ಎಂದ ಫಕೀರಪ್ಪ.

“ಯಾವ ಕಡೆ ಕತ್ತರಿಸಿದ್ರೂ.”

“ಎಳಿ ಕತ್ತರಿಸಿದ್ರ?”

“ಎಳಿ ಮತ್ತ ಬರ್ತಾವ. ಎರಡು ಮೂರು ದಿನ ಸಾಕು.”

ಸೂಜಿಗೆ ದಾರ ಪೋಣಿಸುತ್ತಿದ್ದೆ. ಅವನ ಮುಖ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಮನೆ ಬಿಟ್ಟು ಹೊರಗೇ ಬರಲಿಲ್ಲ. ಜೋಳದ ಬಿತ್ತಿಗೆಯನ್ನು ಬಾಜೂ ಹೊಲದವರು ಮಾಡಿಕೊಟ್ಟರು, ನೋಡಲೂ ಹೋಗಲಿಲ್ಲ. ಹೊರಸಿನ ಮೇಲೆ ಕೂತು, ಎಡಗೈಯಲ್ಲಿ ಭೂತಗನ್ನಡಿ ಹಿಡಿದು ಮಾಡದೊಳಗೆ ನೋಡುತ್ತಿದ್ದ. ಒಂಬತ್ತು ಹದಿನಾಲ್ಕಾದವು, ಇಪ್ಪತ್ತೊಂದಾದವು. ಮೈಯ ಪಕ್ಕದಲ್ಲಿ ಮೊಗ್ಗು ಮೂಡಿ, ಮೊಗ್ಗಿಗೆ ಎಳೆ ಬಂದು, ಒಂದು ಬೆಳಿಗ್ಗೆ ಅದು ತಾಯಿಯಿಂದ ಕಳಚಿಕೊಂಡು ಬೇರೆ ಕಡೆ ಅಂಟಿಕೊಂಡಿರುತ್ತಿತ್ತು. ತಾಯಿಗೆ ಗಾಯದ ಗುರುತೂ ಇಲ್ಲ. ಒಂದೊಂದು ಸಲ ಅವು ಜಾಗ ಬದಲಿಸುವುದನ್ನೂ ಕಾಣುತ್ತಿದ್ದೆವು. ಬಾಗಿ, ಎಳೆಗಳನ್ನು ನೆಲಕ್ಕೂರಿ, ಪಾದವನ್ನು ಮೇಲೆತ್ತಿ ಆಚೆ ಹಾಕುತ್ತಿದ್ದವು. ನಡೆಯುವಾಗ ಅವು ಬೆರಳೂರಿ ನಡೆಯುವ ಕೈಯ ಹಾಗೆ ಕಾಣುತ್ತಿದ್ದವು. ನನಗೆ ಹಾಗೆ ಕಂಡಿದ್ದನ್ನು ನಾನು ಅವನಿಗೆ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ ಎಂದು ಈಗ ಅನಿಸುತ್ತದೆ.

“ಎಡಗೈ ರೂಢಿ ಮಾಡ್ಕೋರಿ ಅಂದ್ರ ಕೇಳವಲ್ರು,” ಗಂಗವ್ವ ಒಂದು ದಿನ ಹಿತ್ತಲಲ್ಲಿ ಅಂದಳು. “ಬೆರಳು ಬಂದ ಮ್ಯಾಲ ನಾನ ಉಣ್ತೀನಿ, ಅಲ್ಲೀತನಾ ತಡಿ ಅಂತಾರ. ಮಸ್ಕಿರಿ ಅನ್ಕೊಂಡಿದ್ದೆರಿ. ಮಸ್ಕಿರಿ ಮಾಡೂ ಮಾರಿ ಅಲ್ಲರಿ ಅದು.”

ನಾನು ಕೇಳಿದರೆ ಚೆನ್ನಾಗಿಯೇ ಮಾತಾಡುತ್ತಿದ್ದ. ನೀನು ಶಾಲೆಯಲ್ಲಿದ್ದಾಗ ಪಟ್ಟಿ ಬದಲಿಸಲು ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದೆ ಎನ್ನುತ್ತಿದ್ದ, ನಾನು ನಂಬಿದ್ದೆ. ಬೆರಳಿನ ನೋವು ಹೇಗಿದೆ ಎಂದರೆ, “ತುರಸಾಕತ್ತೈತಿ. ನಾಕೂ ತುರಸ್ತಾವ. ಮೊದಲ ಒಂದ ಇತ್ತು,” ಅನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಮುಖದಲ್ಲಿ ನೋವಿರಲಿಲ್ಲ, ಒಂದು ಬಗೆಯ ಗುಟ್ಟಿನ ಖುಷಿ ಇತ್ತು.

ದೀಪಾವಳಿ ಕಳೆದು ಥಂಡಿ ಬಿತ್ತು. ಗಂಗವ್ವ ಎರಡು ಸಲ ಕೇಳಿದಳು, “ಸೋಸೂ ಅರಬಿ ನೀವೇನರ ತಗೊಂಡೀರೇನ್ರಿ ಅಕ್ಕಾರ? ಅರ್ಧ ಹರದು ಯಾರೋ ಒಯ್ದಾರ. ಅಲುಬಿಟ್ಟ ತಂಬಿಗಿ ನೀರೂ ಇರವಲ್ದು.” ಬೆಕ್ಕು ಉರುಳಿಸಿರಬೇಕು ಅಂದೆ.

ಆಮೇಲೊಂದು ಮಂಗಳವಾರ, ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವನಿಗೆ ಚಹಾ ಕೊಡಲು ಹೋದೆ. ಕಂಬಳಿ ಹೊದ್ದು ಕೂತಿದ್ದ, ಕಣ್ಣು ಕೆಂಪಾಗಿದ್ದವು. ಬಗ್ಗಿದಾಗ ಕೆರೆಯ ವಾಸನೆ ಬಂತು. ಭರಣಿ ಒಡೆದಿದೆಯೇ ಎಂದು ಮಾಡದ ಕಡೆ ನೋಡಿದೆ. ಭರಣಿ ಸರಿಯಾಗಿತ್ತು. ವಾಸನೆ ಕಂಬಳಿಯೊಳಗಿಂದ ಬರುತ್ತಿತ್ತು.

“ಕೈ ತೋರಸು.”

“ಏನಿಲ್ಲ ತಗೋ.”

“ಫಕೀರಾ, ಕೈ ತೋರಸು.”

ಮೇಲೆ ಒಣ ಪಟ್ಟಿ ಅಚ್ಚುಕಟ್ಟಾಗಿತ್ತು. ಅದನ್ನು ಬಿಚ್ಚಿದರೆ ಒಳಗೆ ನೀರು ಸೋಸುವ ಬಟ್ಟೆ, ನಾಲ್ಕು ಮಡಿಕೆ, ತೊಯ್ದದ್ದು, ಹಸಿರಾಗಿದ್ದದ್ದು. ಅದರ ಕೆಳಗಿನ ಕೈಯನ್ನು ನಾನಿಲ್ಲಿ ವರ್ಣಿಸುವುದಿಲ್ಲ. ಮಣಿಕಟ್ಟಿನವರೆಗೆ ಉಬ್ಬಿತ್ತು, ಅದರ ಬಣ್ಣ ಕೈಯ ಬಣ್ಣವಾಗಿರಲಿಲ್ಲ. ಮುಟ್ಟಿದರೆ ಕೆಂಡ.

ಆಗ ನಾನು ಮಾಡಿದ್ದು ನನಗೇ ಇವತ್ತಿಗೂ ತಿಳಿಯುವುದಿಲ್ಲ. ಗಂಗವ್ವನನ್ನು ಕೂಗುವುದು ಬಿಟ್ಟು, ಆ ಬಟ್ಟೆಯನ್ನು ಪಕ್ಕದ ನೀರಿನ ಬೋಗುಣಿಗೆ ಹಾಕಿದೆ. ಇಪ್ಪತ್ತು ವರ್ಷ ಪಾಠ ಹೇಳಿದ ಕೈ, ತಾನಾಗಿ ಹಾಕಿತು. ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಲೋಳೆಯ ಚುಕ್ಕೆಗಳಿದ್ದವು. ನಾವಿಬ್ಬರೂ ನೋಡುತ್ತಿದ್ದಂತೆ ಒಂದು ಚುಕ್ಕೆ ಉದ್ದವಾಯಿತು. ಇನ್ನೊಂದು. ಎಳೆಗಳು ಬಿಚ್ಚಿಕೊಂಡವು. ಗಾಯಕ್ಕೆ ತಾಗಿದ್ದ ಮಗ್ಗುಲಲ್ಲೇ ಹೆಚ್ಚು ಇದ್ದವು.

“ನೋಡು, ಜೀವಂತ ಅದಾವ,” ಅಂದ ಫಕೀರಪ್ಪ.

“ಎಷ್ಟು ದಿನಾತು?”

“ಅಮಾಸಿಯಿಂದ. ಅರಬ್ಯಾಗ ಸಿಕ್ಕವನ್ನೂ ಹಾಕ್ತೀನಿ, ಭರಣ್ಯಾಗಿನವೂ ಎಂಟೋ ಹತ್ತೋ ಹಾಕೀನಿ. ಒಣಗಬಾರದಂತ ತಾಸಿಗೊಮ್ಮೆ ನೀರು ಬಿಡ್ತೀನಿ.”

“ಯಾಕೋ ಹಿಂಗ ಮಾಡಿದಿ?”

ನಾನು ಕೇಳಿದ್ದೇ ವಿಚಿತ್ರ ಎಂಬಂತೆ ನೋಡಿದ. “ನೀನ ಹೇಳಿದೆಲ್ಲಕ್ಕಾ. ಹುಳಿ ಮಾವಿಗೆ ಸಿಹಿ ಟೊಂಗಿ ಕಸಿ ಕಟ್ಟಿದ್ರ ಹಿಡಿಯೂದಿಲ್ಲೇನು? ಗಾಯಕ್ಕ ಗಾಯ ಕೂಡಸಿ ಹಸಿ ಅರಬಿ ಸುತ್ತತಾರ. ಅಷ್ಟ ಮಾಡೀನಿ. ಅವಕ್ಕ ಬೆಳಿಯೂದು ಗೊತ್ತೈತಿ. ಹತ್ತಿಕೊಂಡು ಕುಂತ್ರ ನನ್ನ ಮಾಂಸಕ್ಕೂ ತಿಳದೀತು ಅಂತ.”

ಮೂವತ್ತು ವರ್ಷ ಹೊಲ ಮಾಡಿದವನ ಮಾತು. ಅದರಲ್ಲಿ ಹುಚ್ಚು ಒಂದು ತೊಲದಷ್ಟೂ ಇರಲಿಲ್ಲ. ಅವನಿಗೆ ಗೊತ್ತಿದ್ದ ಅರ್ಧಕ್ಕೆ ನಾನು ಹೇಳಿದ ಅರ್ಧವನ್ನು ಕಟ್ಟಿದ್ದ, ಅಷ್ಟೇ.

ಹೊರಸಿನ ಅಂಚಿಗೆ ಕೂತೆ. “ನಾ ಎಲ್ಲಾ ಹೇಳಿರಲಿಲ್ಲೋ. ಮೈಗೆ ಎಳಿ ಬರ್ತಾವ, ಖರೆ. ಕತ್ತರಿಸಿ ಬಿದ್ದ ಎಳಿಗೆ ಮೈ ಬರೂದಿಲ್ಲ. ಅದು ಸ್ವಲ್ಪ ಹೊತ್ತು ಅಳ್ಳಾಡಿ ಕರಗಿ ಹೋಗ್ತೈತಿ.”

“ಅದನ್ನ ನೋಡೀನಿ,” ಅಂದ. ಬ್ಲೇಡು ಅವನ ತಲೆದಿಂಬಿನ ಕೆಳಗಿತ್ತು.

“ಅದರ ಮೈತುಂಬ ಹೊಸದಾಗಿ ಹುಟ್ಟೂ ಕಣ ಅದಾವ, ಸಾಯೂತನಾ ಹುಟ್ಟತಾವ. ನಮಗ ಹಂಗಿಲ್ಲ. ನಮ್ಮ ಬೆರಳು ಅವ್ವನ ಹೊಟ್ಟ್ಯಾಗಿದ್ದಾಗ ಒಮ್ಮೆ ಬಂದಾವು. ಅಲ್ಲಿಗೆ ಮುಗೀತು.”

ಬೋಗುಣಿಯಲ್ಲಿ ಅವು ಇನ್ನೂ ಬಿಚ್ಚಿಕೊಳ್ಳುತ್ತಿದ್ದವು.

“ಇದನ್ನ ಅವತ್ತ ಯಾಕ ಹೇಳಲಿಲ್ಲ?”

“ನೀ ನಿನ್ನ ಸಲುವಾಗಿ ಕೇಳಾಕತ್ತೀ ಅಂತ ತಿಳೀಲಿಲ್ಲೋ.”

“ನನ್ನ ಬಿಟ್ಟು ಯಾರ ಸಲುವಾಗಿ ಕೇಳಲೆಬೇ?”

ಅಷ್ಟರಲ್ಲಿ ಗಂಗವ್ವ ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯನ್ನು ನೋಡಿದಳು, ಬೋಗುಣಿಯನ್ನು ನೋಡಿದಳು. ಅಳಲಿಲ್ಲ. ಗೂಟದಿಂದ ಅವನ ಅಂಗಿ ತೆಗೆದು ಮುಂದೆ ಹಿಡಿದಳು. “ತೋಳು ಹಾಕ್ರಿ. ನಡೀರಿ, ಹೋಗೂಣು.”

ಅವನು ಮೊದಲು ಎಡತೋಳು ಹಾಕಿದ.

ಹುಬ್ಬಳ್ಳಿಯಲ್ಲಿ ಡಾಕ್ಟರರು ಬಟ್ಟೆಯ ಕಥೆ ಕೇಳಿ ನನ್ನ ಮುಖ ನೋಡಿದರು. ಹುಳಗಳಿಂದ ಏನೂ ಆಗಿಲ್ಲ, ಹಸಿ ಬಟ್ಟೆಯಿಂದ ಮತ್ತು ಕೆರೆ ನೀರಿನಿಂದ ಆಗಿದೆ ಎಂದು ಆಮೇಲೆ ತಿಳಿಸಿ ಹೇಳಿದರು. ಇನ್ನು ಎರಡು ದಿನ ತಡಮಾಡಿದ್ದರೆ ಮೊಣಕೈ, ಅದಕ್ಕೂ ತಡಮಾಡಿದ್ದರೆ ಮನುಷ್ಯನೇ ಇಲ್ಲ. ಮಣಿಕಟ್ಟಿನ ಮೇಲೆ ತೆಗೆದರು. ಹೆಬ್ಬೆರಳೂ ಹೋಯಿತು. ಒಪ್ಪಿಗೆ ಕಾಗದಕ್ಕೆ ಫಕೀರಪ್ಪ ಎಡಗೈಯ ಹೆಬ್ಬೆಟ್ಟು ಒತ್ತಿದ. ಸಹಿ ಬರುತ್ತಿತ್ತು ಅವನಿಗೆ, ಬರೆಯುವ ಕೈ ಇರಲಿಲ್ಲ. ನಾನು ರಜೆ ಹಾಕಿ ಹನ್ನೊಂದು ದಿನ ಅಲ್ಲೇ ಇದ್ದೆ. ಗಂಗವ್ವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆವು. ಬೀಗ ತೆಗೆದು ಒಳಗೆ ಹೋದಾಗ ಮನೆ ತಣ್ಣಗಿತ್ತು. ಭರಣಿ ಮಾಡದಲ್ಲೇ ಇತ್ತು. ಯಾರೂ ತಿನ್ನಲು ಹಾಕಿರಲಿಲ್ಲ, ನೀರು ಬೆರಳಷ್ಟು ಇಳಿದಿತ್ತು. ಅವು ಸಾಯುತ್ತವೆ ಅಂದುಕೊಂಡಿದ್ದೆ. ಸತ್ತಿರಲಿಲ್ಲ. ಹಸಿದು ಮೈ ಇಳಿಸಿಕೊಂಡು ಎಳ್ಳಿನಷ್ಟಾಗಿದ್ದವು, ಆದರೂ ಎಳೆ ಚಾಚಿಕೊಂಡೇ ಇದ್ದವು. ಎಲೆಯ ಮೇಲೆ ಒಂದೂ ಇರಲಿಲ್ಲ. ಎಲ್ಲವೂ ಗಾಜಿನ ಒಂದೇ ಮಗ್ಗುಲಿಗೆ, ಹೊರಸಿನ ಕಡೆಯ ಮಗ್ಗುಲಿಗೆ ಬಂದು ಸಾಲಾಗಿ ಅಂಟಿಕೊಂಡಿದ್ದವು. ಹೊರಸಿನ ಹಿಂದೆ ಕಿಟಕಿಯಿದೆ, ಬೆಳಕಿನ ಕಡೆಗೆ ಸರಿಯುವುದು ಅವುಗಳ ಸ್ವಭಾವ. ಕಾರಣ ಅಷ್ಟೇ. ನನಗೆ ಗೊತ್ತು, ಪುಸ್ತಕದಲ್ಲೂ ಇದೆ. ಆದರೂ ಹೊರಸಿಗೂ ಮಾಡಕ್ಕೂ ನಡುವೆ ನಾನು ನಿಲ್ಲಲಾರದೆ ಸರಿದೆ.

ಫಕೀರಪ್ಪ ಹೊರಸಿನ ಮೇಲೆ ಕೂತು ಕೇಳಿದ, “ಅದಾವೇನು?”

“ಅದಾವ.”

“ಎಷ್ಟು?”

ಎಣಿಸಲಿಲ್ಲ ಅಂದೆ. ಸುಳ್ಳು. ಮೂವತ್ತಾರು ಇದ್ದವು.

“ಬಿಟ್ಟು ಬಾ,” ಅಂದ. “ಅವರದೇನು ತಪ್ಪಿಲ್ಲ.”

‘ಅವು’ ಅನ್ನಲಿಲ್ಲ, ‘ಅವರು’ ಅಂದ. ನಾನೂ ಗಂಗವ್ವನೂ ಏರಿಯ ಕೆಳಗೆ ಚಪ್ಪಲಿ ಬಿಟ್ಟು ಹತ್ತಿದೆವು. ಹೊತ್ತು ಇಳಿಯುತ್ತಿತ್ತು, ನೀರಿನ ಮೇಲೆ ಗಾಳಿ ಇರಲಿಲ್ಲ. ಮೆಟ್ಟಿಲ ಬದಿಗೆ ಬಗ್ಗಿ ಭರಣಿಯನ್ನು ಓರೆ ಮಾಡಿದೆ. ನೀರಿಗೆ ನೀರು ಕೂಡುವಾಗ ಏನೂ ಕಾಣುವುದಿಲ್ಲ. ಗಂಗವ್ವ ಮಾತ್ರ ಕೆರೆಯ ಆಚೆ ದಂಡೆಯತನಕ ದಿಟ್ಟಿಸುತ್ತ ನಿಂತಿದ್ದಳು.

“ಇದನ್ನ ನಾವು ಹುಟ್ಟಿದಾಗಿಂದ ಕುಡ್ಯಾಕತ್ತೇವಲ್ರಿ ಅಕ್ಕಾರ,” ಅಂದಳು. ಆಮೇಲೆ ಕೊಡ ತುಂಬಿದಳು.

ಆ ಸಂಜೆ ರೊಟ್ಟಿ ಬಡಿಯಲು ಯಾರಿಗೂ ತ್ರಾಣ ಇರಲಿಲ್ಲ. ಜೋಳದ ನುಚ್ಚು ಬೇಯಿಸಿದೆವು, ಬಾಜೂ ಮನೆಯವರು ಮಜ್ಜಿಗೆ ಕೊಟ್ಟರು, ಜೊತೆಗೆ ಕೆಂಪು ಚಟ್ನಿ ಮತ್ತು ಒಂದು ಉಳ್ಳಾಗಡ್ಡಿ. ಗಂಗವ್ವ ತುತ್ತು ಮಾಡಲು ಅವನ ಪಕ್ಕ ಕೂತಳು. ಫಕೀರಪ್ಪ ಗಂಗಾಳವನ್ನು ತನ್ನ ಕಡೆ ಎಳೆದುಕೊಂಡ. ಎಡಗೈಯನ್ನು ಎರಡು ಸಲ ತೊಳೆದ, ಮೂರನೆಯ ಸಲವೂ ತೊಳೆದ. ನಾವಿಬ್ಬರೂ ನಮ್ಮ ನಮ್ಮ ಗಂಗಾಳ ನೋಡುತ್ತ ಕೂತೆವು. ಎಡಗೈ ನುಚ್ಚಿಗೆ ಮಜ್ಜಿಗೆ ಕಲಸತೊಡಗಿತು, ಕಲಿಯದ ಕೂಸಿನ ಹಾಗೆ ಅರ್ಧ ಹೊರಗೆ ಚೆಲ್ಲುತ್ತ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ, ಬಿಳಿ ಪಟ್ಟಿ ಸುತ್ತಿದ ಬಲಗೈಯ ತುದಿ ಗಾಳಿಯಲ್ಲಿ ತಿರುಗುತ್ತಿತ್ತು. ನಲವತ್ತೇಳು ವರ್ಷ ಕಲಸಿದ ಹಾಗೇ, ತಪ್ಪಿಲ್ಲದೆ ಕಲಸುತ್ತಿತ್ತು. ಎಡಗೈ ತುತ್ತು ಎತ್ತಿದಾಗ ಅದೂ ಬಾಯಿಯತನಕ ಏರಿತು, ಇಳಿಯಿತು. ಅವನಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ. ಗಂಗವ್ವ ನೋಡಿದಳು, ನಾನೂ ನೋಡಿದೆ.

ಗಂಗಾಳ ಖಾಲಿ ಮಾಡಿದ. ಇನ್ನೊಂದು ಸೌಟು ನುಚ್ಚು ಹಾಕಿಸಿಕೊಂಡ, ಅದನ್ನೂ ಉಂಡ. ಮೊದಲು ಮಲಗಿದವನು ಅವನೇ, ಎರಡೂ ತೋಳುಗಳನ್ನು ಕಂಬಳಿಯ ಒಳಗಿಟ್ಟುಕೊಂಡು.